ಎಲೆ ಬಂದಿತ್ತು, ಬೇರು ಬಂದಿರಲಿಲ್ಲ

ಅಂಜೂರದ ಕಡ್ಡಿಗಳನ್ನು ನೆಟ್ಟ ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಒಂದು ಕಡ್ಡಿಯ ತುದಿಯಲ್ಲಿ ಅಂಗೈಯ ಅರ್ಧದಷ್ಟು ಅಗಲದ ಎರಡು ಎಲೆಗಳು ಬಿಚ್ಚಿಕೊಂಡಿದ್ದವು. ಗಿಡ ಹತ್ತಿತೆಂಬ ಸಂಭ್ರಮದಲ್ಲಿ ನಾನು ಅದನ್ನು ದೊಡ್ಡ ಕುಂಡಕ್ಕೆ ವರ್ಗಾಯಿಸಲು ಮೆಲ್ಲನೆ ಎತ್ತಿದೆ. ಮಣ್ಣು ಸ್ವಲ್ಪವೂ ಪ್ರತಿರೋಧ ತೋರದೆ ಕಡ್ಡಿಯನ್ನು ಬಿಟ್ಟುಕೊಟ್ಟಿತು. ಕೆಳತುದಿಯಲ್ಲಿ ಬೇರು ಎನ್ನಬಹುದಾದದ್ದು ಏನೂ ಇರಲಿಲ್ಲ. ತೊಗಟೆಯ ಮೇಲೆ ಅಕ್ಕಿಕಾಳಿನಂತಹ ಬಿಳಿಯ ಗಂಟುಗಳಷ್ಟೇ ಇದ್ದವು, ಅವುಗಳಲ್ಲಿ ಎರಡು ನನ್ನ ಬೆರಳು ತಾಗಿಯೇ ಉದುರಿದವು.

ಆ ಕಡ್ಡಿಗಳು ಪರಿಚಿತರೊಬ್ಬರ ಮರದವು. ಮರ ಎಲೆಯುದುರಿಸಿ ನಿದ್ರಿಸುತ್ತಿದ್ದ ಕಾಲದಲ್ಲಿ ಅವರು ಕೊಂಬೆಗಳನ್ನು ಸವರುತ್ತಿದ್ದಾಗ, ಪೆನ್ಸಿಲ್‌ಗಿಂತ ತುಸು ದಪ್ಪನೆಯ, ಹಿಂದಿನ ವರ್ಷ ಬೆಳೆದು ಗಟ್ಟಿಯಾಗಿದ್ದ ಆರು ತುಂಡುಗಳನ್ನು ಕೇಳಿ ತಂದಿದ್ದೆ. ಒಂದೊಂದೂ ಸುಮಾರು 20 ಸೆಂಟಿಮೀಟರ್ ಉದ್ದವಿದ್ದು, ಮೂರು ನಾಲ್ಕು ಗೆಣ್ಣುಗಳಿದ್ದವು. ಬುಡ ಯಾವುದು, ತುದಿ ಯಾವುದು ಎಂಬ ಗೊಂದಲವಾಗದಿರಲೆಂದು ಕೆಳಭಾಗವನ್ನು ಗೆಣ್ಣಿನ ಕೆಳಗೆ ನೇರವಾಗಿಯೂ ಮೇಲ್ಭಾಗವನ್ನು ಓರೆಯಾಗಿಯೂ ಕತ್ತರಿಸಿದೆ. ಒಸರಿದ ಬಿಳಿಯ ಹಾಲು ಒಣಗುವವರೆಗೆ ಅವನ್ನು ನೆರಳಿನಲ್ಲಿಟ್ಟೆ. ಈ ಹಾಲು ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಸುಟ್ಟಂತಹ ಬೊಬ್ಬೆಗಳೇಳಬಹುದು. ಕೈಗವಸು ಹಾಕಿಕೊಳ್ಳಬೇಕೆಂಬುದನ್ನು ನಾನು ಮಣಿಕಟ್ಟಿನ ಉರಿಯಿಂದ ಕಲಿತೆ.

ಬೀಜ ಬಿತ್ತಿದ್ದರೆ ಆಗುತ್ತಿರಲಿಲ್ಲವೇ ಎಂದು ಮನೆಯವರು ಕೇಳಿದ್ದರು. ಬೀಜದ ಗಿಡ ತಾಯಿಮರದಂತೆಯೇ ಇರುತ್ತದೆಂಬ ಭರವಸೆಯಿಲ್ಲ, ಅದು ಉಣ್ಣಲು ಬಾರದ ಗಂಡುಮರವೂ ಆಗಬಹುದು. ಕಡ್ಡಿಯಾದರೋ ಆ ಮರದ್ದೇ ಮುಂದುವರಿಕೆ. ಆ ಮರ ಪರಾಗಸ್ಪರ್ಶವಿಲ್ಲದೆಯೇ ಹಣ್ಣು ಬಿಡುವ ಜಾತಿಯದು. ಜೋರ್ಡಾನ್ ಕಣಿವೆಯ ಒಂದು ಪ್ರಾಚೀನ ನೆಲೆಯಲ್ಲಿ ಸಿಕ್ಕ ಸುಮಾರು 11,400 ವರ್ಷ ಹಳೆಯ ಅಂಜೂರಗಳು ಇಂಥವೇ ಆಗಿದ್ದು, ಮನುಷ್ಯರು ಕಡ್ಡಿ ನೆಟ್ಟು ಬೆಳೆಸಿದವಾಗಿರಬಹುದೆಂದು 2006ರಲ್ಲಿ ಸಂಶೋಧಕರು ವಾದಿಸಿದರು. ಅದನ್ನು ಒಪ್ಪದವರೂ ಇದ್ದಾರೆ. ನಾನಂತೂ ಅಂದು ಕೈಯಲ್ಲಿ ಬೇರಿಲ್ಲದ ಕಡ್ಡಿ ಹಿಡಿದು ಆ ಪ್ರಾಚೀನ ತೋಟಗಾರರ ತಾಳ್ಮೆಯನ್ನು ನೆನೆಯುತ್ತಿದ್ದೆ.

ನಾನು ಎಡವಿದ್ದು ಎಲೆಯನ್ನು ಬೇರಿನ ಸುದ್ದಿಯೆಂದು ಓದಿದ್ದರಲ್ಲಿ. ಕಡ್ಡಿ ತನ್ನೊಳಗೆ ಕೂಡಿಟ್ಟ ಆಹಾರವನ್ನೇ ಖರ್ಚು ಮಾಡಿ ಮೊದಲು ಎಲೆ ಬಿಡಬಲ್ಲದು. ಬೇರಿಗೆ ನಾಲ್ಕರಿಂದ ಎಂಟು ವಾರ ಹಿಡಿಯಬಹುದು. ಆ ನಡುವಿನ ದಿನಗಳಲ್ಲಿ ಎಲೆ ಬಾಡಿದಂತೆ ಕಂಡೊಡನೆ ನೀರು ಸುರಿದರೆ, ಹೀರುವ ಬೇರಿಲ್ಲದ ಮಣ್ಣಿನಲ್ಲಿ ನೀರು ನಿಂತು ಕಡ್ಡಿ ಕೆಳಗಿನಿಂದ ಕಪ್ಪಾಗಿ ಕೊಳೆಯುತ್ತದೆ. ಇನ್ನೊಂದು ಕಡ್ಡಿಯನ್ನು ನಾನು ಕಳೆದುಕೊಂಡದ್ದು ಹೀಗೆಯೇ, ಅದೂ ಪ್ರೀತಿಯಿಂದ.

ಕಿತ್ತ ಕಡ್ಡಿಯ ಒಂದು ಎಲೆಯನ್ನು ಕತ್ತರಿಸಿ, ಹೊಸ ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ಮತ್ತೆ ನೆಟ್ಟು, ಮೇಲೆ ಪಾರದರ್ಶಕ ಚೀಲ ಕವುಚಿದೆ. ಹತ್ತು ದಿನ ತಡೆದು ನಿಂತ ಎಲೆ ಆಮೇಲೆ ಹಳದಿಯಾಗಿ ಉದುರಿತು, ಕಡ್ಡಿ ಉಳಿಯಲಿಲ್ಲ. ಉಳಿದ ನಾಲ್ಕನ್ನು ನಾನು ಮುಟ್ಟಲಿಲ್ಲ. ಏಳನೆಯ ವಾರ ಒಂದು ಕುಂಡದ ತಳದ ತೂತಿನಿಂದ ಬಿಳಿಯ ಎಳೆಯೊಂದು ಹೊರಗೆ ಇಣುಕಿತು. ಈ ವರ್ಷದ ಕಡ್ಡಿಗಳನ್ನು ಒಳಗಿನದು ಕಾಣುವ ಪ್ಲಾಸ್ಟಿಕ್ ಲೋಟಗಳಲ್ಲಿ ನೆಟ್ಟು, ಬೆಳಕು ತಾಗದಂತೆ ಸುತ್ತಲೂ ಕಪ್ಪು ಕಾಗದ ಸುತ್ತಿದ್ದೇನೆ. ವಾರಕ್ಕೊಮ್ಮೆ ಕಾಗದ ಸರಿಸಿ ನೋಡುತ್ತೇನೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಎನ್ನುವಷ್ಟು ಎಚ್ಚರದಿಂದ.