ಮಿನುಗುವ ದೀಪದ ಕಾರಣ
ಮನೆಯ ನವೀಕರಣ ಮುಗಿದ ಕೂಡಲೇ ನಡುಮನೆಯ ಎಲ್‌ಇಡಿ ದೀಪ ಮಿನುಗತೊಡಗಿತು. ಅದೇ ಬಲ್ಬು ಅಡುಗೆಮನೆಯ ಹೋಲ್ಡರಿನಲ್ಲಿ ಸ್ಥಿರವಾಗಿ ಉರಿದದ್ದರಿಂದ ದೋಷವಿರುವುದು ಬಲ್ಬಿನಲ್ಲಲ್ಲ, ವೈರಿಂಗಿನಲ್ಲಿ ಎಂಬುದು ಸ್ಪಷ್ಟವಾಯಿತು. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿಕೊಂಡು ಸ್ವಿಚ್‌ಬೋರ್ಡ್ ಬಿಚ್ಚಿದಾಗ, ಬೋರ್ಡಿನ ಜಾಗ ಬದಲಿಸುವಾಗ ಹಳೆಯ ನ್ಯೂಟ್ರಲ್ ತಂತಿಗೆ (ವಿದ್ಯುತ್ ಮರಳಿ ಹೋಗುವ ತಂತಿ) ಹೊಸ ತುಂಡನ್ನು ಕೈಯಿಂದಲೇ ಹೊಸೆದು ಟೇಪ್ ಸುತ್ತಿದ್ದುದೂ, ಆ ಜಾಗ ಬಿಸಿಯಾಗಿ ಕಪ್ಪಗಾಗಿದ್ದುದೂ ಕಂಡಿತು. ಸಡಿಲ ಜೋಡಣೆಯಲ್ಲಿ ಸಂಪರ್ಕ ಕ್ಷಣಕ್ಷಣಕ್ಕೂ ಕಡಿದು ಕೂಡುತ್ತದೆ, ಸಣ್ಣ ಕಿಡಿಗಳೂ ಹುಟ್ಟುತ್ತವೆ. ದೀಪದ ಮಿನುಗು ಅದರ ಹೊರಗಿನ ಲಕ್ಷಣ ಮಾತ್ರ. ಸುಟ್ಟ ಭಾಗವನ್ನು ಕತ್ತರಿಸಿ ಕನೆಕ್ಟರ್ ಹಾಕಿ ಬಿಗಿಗೊಳಿಸಿದ ಮೇಲೆ ದೀಪ ಸರಿಹೋಯಿತು.

ಟೈಲ್ಸಿನ ಬಣ್ಣಕ್ಕಾಗಿ ನಾವು ಅಂಗಡಿಯಿಂದ ಅಂಗಡಿಗೆ ಅಲೆಯುತ್ತೇವೆ, ಆದರೆ ಪ್ಲಾಸ್ಟರಿನ ಹಿಂದೆ ಮರೆಯಾಗುವ ತಂತಿಯ ಜೋಡಣೆಗಳನ್ನು ಮುಚ್ಚುವ ಮೊದಲು ಒಮ್ಮೆ ನೋಡಬೇಕೆಂದು ಕೇಳುವವರು ವಿರಳ. ಇದು ನನ್ನನ್ನು ನಿಜವಾಗಿಯೂ ಕಾಡುತ್ತದೆ.

ಸ್ವಿಚ್ ಆರಿಸಿದ ಮೇಲೂ ದೀಪ ಮಂದವಾಗಿ ಮಿನುಗುತ್ತಿದ್ದರೆ, ಸ್ವಿಚ್ಚನ್ನು ವಿದ್ಯುತ್ ತರುವ ಫೇಸ್ ತಂತಿಯ ಬದಲು ನ್ಯೂಟ್ರಲ್‌ ತಂತಿಗೆ ಜೋಡಿಸಿರುವ ಸಾಧ್ಯತೆಯುಂಟು. ಸ್ವಿಚ್ಚಿನೊಳಗಿನ ಪುಟ್ಟ ಇಂಡಿಕೇಟರ್ ದೀಪದಿಂದಲೂ ಹೀಗಾಗಬಹುದು. ಇಡೀ ಮನೆಯ ದೀಪಗಳಲ್ಲಿ ಕೆಲವು ಮಂಕಾಗಿ ಕೆಲವು ಅತಿಯಾಗಿ ಬೆಳಗಿದರೆ ಸಂಗತಿ ಇನ್ನೂ ಗಂಭೀರ. ಮೂರು ಫೇಸಿನ ಸಂಪರ್ಕದಲ್ಲಿ ಮುಖ್ಯ ನ್ಯೂಟ್ರಲ್ ಕಡಿದರೆ, 230 ವೋಲ್ಟ್ ಇರಬೇಕಾದ ಕೋಣೆಗೆ ಅದಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜ್ ಬಂದು ಟಿವಿ, ಫ್ರಿಜ್‌ಗಳು ಸುಟ್ಟುಹೋಗಬಹುದು. ಅಂಥ ಹೊತ್ತಿನಲ್ಲಿ ಮೊದಲು ಮೇನ್ ಆಫ್ ಮಾಡಿ, ಬಳಿಕ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.