ಟೆರೇಸಿನ ಸಿಒ2 ಪೆಟ್ಟಿಗೆ: 380ರ ಗಂಟು ಬಿಚ್ಚಿತು

ಗಾಳಿಯ ಸಿಒ2 (ಕಾರ್ಬನ್ ಡೈಆಕ್ಸೈಡ್) ಅಳೆಯಲು ಟೆರೇಸಿನಲ್ಲಿ ನಾನೇ ಮಾಡಿಟ್ಟ ಪೆಟ್ಟಿಗೆಯ ಮಧ್ಯಾಹ್ನದ ರೀಡಿಂಗ್ ಕೊನೆಗೂ ನಂಬುವ ಹಾಗಿದೆ! ವೈರಿಂಗ್, ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಗ್ರಾಫ್ ಇವುಗಳ ವಿಷಯ ಬಿಡಿ. ನನ್ನ ತಲೆ ತಿಂದದ್ದು ಒಂದೇ ಅಂಕಿ: ಮಧ್ಯಾಹ್ನ ಅದು ತೋರಿಸುತ್ತಿದ್ದ 380 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 380 ಸಿಒ2.

ಊರು, ವಾಹನಗಳಿಂದ ದೂರ ಗಾಳಿ ಅಳೆಯುವ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲೇ 2024ರ ಸರಾಸರಿ 424 ಪಿಪಿಎಂ ದಾಟಿದೆ. ಬೆಂಗಳೂರಿನಲ್ಲಿ, ಅದೂ ರಿಂಗ್ ರೋಡ್ ಪಕ್ಕದ ಟೆರೇಸಿನಲ್ಲಿ, 380 ಬರಲು ಸಾಧ್ಯವೇ ಇಲ್ಲ.

ಮೊದಲು ಅನುಮಾನ ಹೋದದ್ದು ಸೆನ್ಸರ್ ಮೇಲೆ. ಎಸ್‌ಪಿ ರೋಡಿನ ಅಂಗಡಿಯವರು ಸೀಲ್ ಒಡೆದ ಪ್ಯಾಕೆಟ್ ಕೊಟ್ಟಿದ್ದರು. ಬದಲಿಸಿ ಕೊಡಿ ಅಂದರೆ, "ಎಲ್ಲಾ ಒಂದೇ ಸಾರ್, ಹಾಕಿ ನೋಡಿ" ಅಂದರು. ಎಸ್‌ಸಿಡಿ30 ಅನ್ನುವ ಈ ಸಿಒ2 ಸೆನ್ಸರಿಗೆ ಅಷ್ಟು ದುಡ್ಡು ತೆಗೆದುಕೊಂಡು ಹೀಗೆ ಮಾಡಬಾರದು.

ಆದರೆ ಸೆನ್ಸರ್ ಸರಿಯಾಗೇ ಇತ್ತು. ಕಾರಣ ನಮ್ಮೂರಿನ ಎತ್ತರ. ಸೆನ್ಸರಿನ ಒಳಗೆ ಹಾಯುವ ಇನ್‌ಫ್ರಾರೆಡ್ ಬೆಳಕನ್ನು ಸಿಒ2 ಅಣುಗಳು ಎಷ್ಟು ಹೀರಿದವು ಅನ್ನುವುದೇ ಅದರ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಒತ್ತಡ 910 ಹೆಕ್ಟೋಪಾಸ್ಕಲ್ ಆಸುಪಾಸು, ಅಂದರೆ ಗಾಳಿ ಸಮುದ್ರಮಟ್ಟದ್ದಕ್ಕಿಂತ ಶೇ 10ರಷ್ಟು ತೆಳು, ಬೆಳಕು ಹೀರುವ ಅಣುಗಳೂ ಅಷ್ಟೇ ಕಡಿಮೆ. 425 ಇದ್ದದ್ದು 380 ಅಂತ ಕಾಣುವುದು ಅದಕ್ಕೇ. ಬಿಎಂಪಿ280 ಜೋಡಿಸಿ, ಅದು ಅಳೆದ ಒತ್ತಡವನ್ನು ಆಗಾಗ ಸೆನ್ಸರ್‌ಗೆ ಕೊಟ್ಟೆ. ಗೆರೆ ಮೇಲಕ್ಕೆ ಬಂತು. ಮಂಗಳೂರಿನವರಿಗೆ ಈ ತಲೆನೋವೇ ಇಲ್ಲ ಬಿಡಿ.

ಇನ್ನೊಂದು ಮಾತು. ಸೆನ್ಸರ್ ತನ್ನ ಅಳತೆಯನ್ನು ತಾನೇ ಸರಿಮಾಡಿಕೊಳ್ಳುವ ಆಟೋ ಕ್ಯಾಲಿಬ್ರೇಶನ್ ಆಫ್ ಮಾಡಿ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ರೀಡಿಂಗನ್ನೇ ಅದು 400 ಅಂತ ಹಿಡಿಯುತ್ತದೆ. ಈಗ ನಗರದ ಗಾಳಿ 400ಕ್ಕೆ ಇಳಿಯುವುದೆಲ್ಲಿಂದ ಬಂತು? ಆನ್ ಇಟ್ಟರೆ ಋತುಗಳ ಏರಿಳಿತವೇ ಅಳಿಸಿಹೋಗುತ್ತದೆ.

ಈಗಿನ ಗ್ರಾಫ್ ಎಷ್ಟು ನೋಡಿದರೂ ಸಾಲದು. ಬೆಳಗ್ಗೆ 6ರ ಹೊತ್ತಿಗೆ 490ರವರೆಗೆ ಏರುತ್ತದೆ. ಆಫೀಸ್ ಟ್ರಾಫಿಕ್ ಇನ್ನೂ ಶುರುವೇ ಆಗಿರುವುದಿಲ್ಲ! ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ಮೇಲಿನದರ ಜೊತೆ ಬೆರೆಯುವುದಿಲ್ಲ. ಲಾರಿಗಳು ಬಿಟ್ಟದ್ದು, ಗಿಡಮರ ಮತ್ತು ಮಣ್ಣು ಉಸಿರಾಡಿದ್ದು ಎಲ್ಲ ಅಲ್ಲೇ ಸೇರುತ್ತಾ ಹೋಗುತ್ತದೆ. ಬಿಸಿಲೇರಿದಂತೆ ಬೆರೆತು, ಮಧ್ಯಾಹ್ನ 3ಕ್ಕೆ 430ರ ಹತ್ತಿರ ಬರುತ್ತದೆ. ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1955ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಲ್ಲಿ ಗಾಜಿನ ಫ್ಲಾಸ್ಕಿನಲ್ಲಿ ಗಾಳಿ ಹಿಡಿದಾಗಲೂ ರಾತ್ರಿ ಜಾಸ್ತಿ, ಮಧ್ಯಾಹ್ನ ಕಡಿಮೆ ಅಂತಲೇ ಕಂಡದ್ದು. ಡಿಸೆಂಬರಿನ ಚಳಿಗೆ ಬೆಳಗಿನ ಏರು ಇನ್ನೂ ಜಾಸ್ತಿಯಾಗಬೇಕು, ಮಳೆಗಾಲದ ಗಾಳಿಗೆ ತಗ್ಗಬೇಕು. ಕಾಯುತ್ತಿದ್ದೇನೆ.

ಅಷ್ಟರಲ್ಲಿ ಎರಡನೇ ಪೆಟ್ಟಿಗೆಯ ಯೋಚನೆ ಬಂದಿದೆ. ತೀರ್ಥಹಳ್ಳಿ ಹತ್ತಿರ ಅಜ್ಜನ ಅಡಿಕೆ ತೋಟವಿದೆ. ವಾಹನಗಳಿಲ್ಲದ ಕಡೆ ಬೆಳಗಿನ ಏರು ಎಷ್ಟಿರುತ್ತದೆ ಅಂತ ನೋಡಬೇಕು. ಸೋಲಾರ್ ಪ್ಯಾನೆಲ್ ಮರದ ನೆರಳು ತಪ್ಪಿಸಿ ಮನೆ ಮಾಡಿನ ಮೇಲೆ ಇಡುತ್ತೇನೆ. ಗಾಳಿ ಹೋಗುವ ಕಿಂಡಿಯಿಂದ ಇರುವೆ ನುಗ್ಗದ ಹಾಗೆ ಏನು ಮಾಡಬಹುದು? ಗೊತ್ತಿದ್ದವರು ಹೇಳಿ.