ಜಾಗ ಇದೆ, ಆದರೂ ಡಿಸ್ಕ್ ಫುಲ್: ಕನ್ನಡ ನಕ್ಷೆ ಸರ್ವರ್, ಮೂರನೇ ವಾರ

ನಾಲ್ಕು ರಾತ್ರಿ ಕಾಡಿದ ತೊಂದರೆ ನಿನ್ನೆ ಬಗೆಹರಿಯಿತು. ಖುಷಿ ಇನ್ನೂ ಇಳಿದಿಲ್ಲ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾ ತಂದು, ಇಡೀ ಕರ್ನಾಟಕದ ನಕ್ಷೆಯನ್ನು ಕನ್ನಡ ಹೆಸರುಗಳಲ್ಲಿ ಮನೆಯಲ್ಲೇ ರೆಂಡರ್ ಮಾಡುತ್ತಿದ್ದೇನೆ. ಡೇಟಾಬೇಸ್, ಸ್ಟೈಲ್, ಫಾಂಟ್ ಎಲ್ಲ ಹೋದ ವಾರವೇ ಮುಗಿದಿತ್ತು. ಎಸ್‌ಎಸ್‌ಡಿ ಮಾತ್ರ ತಡವಾಯಿತು. ಎನ್‌ವಿಎಂಇ ಕೇಳಿದರೆ ಅಂಗಡಿಯವರು ನೋಡಲು ಅದರಂತೆಯೇ ಇರುವ ಬೇರೆ ಬಗೆಯ ಎಂ.2 ಸಾಟಾ ಕಳಿಸಿದ್ದರು. ಸ್ಲಾಟ್‌ನಲ್ಲಿ ಸರಿಯಾಗಿಯೇ ಕೂರುತ್ತದೆ, ನನ್ನ ಕಂಪ್ಯೂಟರಿನ ಬಯೋಸ್‌ಗೆ ಕಾಣುವುದೇ ಇಲ್ಲ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದನ್ನು ಓದಿ ಕಳಿಸಬಹುದಿತ್ತು, ಅಲ್ವಾ? ಬದಲಿ ಬರಲು ಇನ್ನೊಂದು ವಾರ ಹೋಯಿತು.

500 ಜಿಬಿಯನ್ನು ಹೀಗೆ ಹಂಚಿದ್ದೆ: ಇಎಸ್‌ಪಿಗೆ (ಬೂಟ್ ಆಗಲು ಬೇಕಾದ ಭಾಗ) 1, ರೂಟ್‌ಗೆ (ಸಿಸ್ಟಂ ಇರುವ ಭಾಗ) 60, ಸ್ವಾಪ್‌ಗೆ 16, ಹೋಮ್‌ಗೆ 180, ನಕ್ಷೆಯ ಟೈಲ್‌ಗಳಿಗೆ (ನಕ್ಷೆಯನ್ನು ತುಂಡರಿಸಿದ ಚಿಕ್ಕ ಚೌಕ ಚಿತ್ರಗಳು) 200. ಎಲ್ಲವೂ ನೇರ ಪಾರ್ಟಿಶನ್, ಹಂಚಿಕೆಯನ್ನು ಆಮೇಲೆ ಸುಲಭವಾಗಿ ಬದಲಿಸಲು ಬಿಡುವ ಎಲ್‌ವಿಎಂ ಇಲ್ಲ. ಟೈಲ್ ಪಾರ್ಟಿಶನ್‌ಗೆ ಎಕ್ಸ್ಟ್4 ಫೈಲ್ ಸಿಸ್ಟಂ ಹಾಕುವಾಗ, ದೊಡ್ಡ ಫೈಲ್‌ಗಳಿಗೆಂದು ಇರುವ ‘ಲಾರ್ಜ್‌ಫೈಲ್’ ಆಯ್ಕೆ ಕೊಟ್ಟೆ. ಹಾಗೆ ಮಾಡಿದರೆ ಐನೋಡ್ (ಪ್ರತಿ ಫೈಲಿನ ವಿವರ ಇಡುವ ದಾಖಲೆ) ಟೇಬಲ್‌ಗೆ ಹೋಗುವ ಮೂರು ಜಿಬಿ ಉಳಿಯುತ್ತದೆ.

ರೆಂಡರಿಂಗ್ ಜೂಮ್ 15ರವರೆಗೆ (ಅಂಕಿ ಹೆಚ್ಚಿದಷ್ಟೂ ನಕ್ಷೆ ಹತ್ತಿರದಿಂದ ಕಾಣುತ್ತದೆ) ಸಲೀಸಾಗಿ ನಡೆಯಿತು. 16 ಶುರುವಾಗಿ ಸ್ವಲ್ಪ ಹೊತ್ತಿಗೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ಕೊಟ್ಟು ನೋಡಿದರೆ 190 ಜಿಬಿಗಿಂತ ಜಾಸ್ತಿ ಖಾಲಿ!

ಮೊದಲ ರಾತ್ರಿ ರೂಟ್ ಬಳಕೆದಾರನಿಗೆ (ಸಿಸ್ಟಂ ಅಡ್ಮಿನ್) ಮೀಸಲಿಡುವ ಶೇ. 5 ಜಾಗದ ಮೇಲೆ ಅನುಮಾನಪಟ್ಟೆ. ಅದನ್ನು ಮೊದಲೇ ಸೊನ್ನೆ ಮಾಡಿದ್ದೆ. ಎರಡನೇ ರಾತ್ರಿ, ಅಳಿಸಿದ ಫೈಲನ್ನು ಯಾವುದಾದರೂ ಪ್ರೋಗ್ರಾಂ ಹಿಡಿದುಕೊಂಡಿದೆಯೇ ಎಂದು ಹುಡುಕಿದೆ. ಮೂರನೇ ರಾತ್ರಿ ಎಸ್‌ಎಸ್‌ಡಿಯೇ ಕೆಟ್ಟಿರಬೇಕು ಅನ್ನಿಸಿ ಸ್ಮಾರ್ಟ್ ಪರೀಕ್ಷೆ ಮಾಡಿದೆ. ಆರೋಗ್ಯವಾಗಿತ್ತು. ನಾಲ್ಕನೇ ರಾತ್ರಿ, ಜಾಗದ ಬದಲು ಐನೋಡ್ ಲೆಕ್ಕ ತೋರಿಸುವ ‘ಡಿಎಫ್ -ಐ’ ಕೊಟ್ಟೆ. ಐನೋಡ್ ಬಳಕೆ ಶೇ. 100.

ಮದುವೆ ಮನೆಯಲ್ಲಿ ಹಂಡೆ ತುಂಬ ಅನ್ನ ಇದೆ, ಬಾಳೆಲೆ ಮುಗಿದಿದೆ ಅಂದುಕೊಳ್ಳಿ. ಒಂದು ಫೈಲ್ ಕೂರಲು ಒಂದು ಐನೋಡ್ ಬೇಕೇ ಬೇಕು. ಲಾರ್ಜ್‌ಫೈಲ್‌ನಲ್ಲಿ ಒಂದು ಎಂಬಿಗೆ ಒಂದೇ ಎಲೆ. 200 ಜಿಬಿಗೆ ಸಿಕ್ಕಿದ್ದು ಬರೀ 2,04,800. ಟೈಲ್‌ಗಳೋ ಕೆಲವೇ ಕೆಬಿಯವು, ಪ್ರತಿ ಜೂಮ್‌ಗೂ ನಾಲ್ಕು ಪಟ್ಟು ಹೆಚ್ಚುತ್ತವೆ. ನಮ್ಮ ರಾಜ್ಯಕ್ಕೆ ಜೂಮ್ 14ರಲ್ಲಿ ಸುಮಾರು 34 ಸಾವಿರ, 15ರಲ್ಲಿ 1.36 ಲಕ್ಷ, 16ರಲ್ಲಿ ಐದೂವರೆ ಲಕ್ಷ. 15 ಮುಗಿಯುವಷ್ಟರಲ್ಲೇ 1.8 ಲಕ್ಷ ಎಲೆ ಖರ್ಚಾಗಿತ್ತು. ಜಾಗ ಮುಗಿದರೂ ಐನೋಡ್ ಮುಗಿದರೂ ಕರ್ನಲ್ ಹೇಳುವುದು ಒಂದೇ ಎರರ್. ನಾಲ್ಕು ರಾತ್ರಿ ಹೋಗಿದ್ದು ಅದರಿಂದಲೇ.

ಎಕ್ಸ್ಟ್4ನಲ್ಲಿ ಮೀಸಲು ಜಾಗವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಐನೋಡ್ ಲೆಕ್ಕ ಮಾತ್ರ ಫಾರ್ಮ್ಯಾಟ್ ಮಾಡುವಾಗಲೇ ತೀರ್ಮಾನ. ಪಾರ್ಟಿಶನ್ ಹಿಗ್ಗಿಸಿದರೆ ಹೊಸ ಐನೋಡ್ ಬರುತ್ತವೆ ನಿಜ, ಆದರೆ ಹಳೆಯ ದರದಲ್ಲೇ. ಇನ್ನೂ 100 ಜಿಬಿ ಸೇರಿಸಿದ್ದರೂ ಒಂದು ಲಕ್ಷ ಚಿಲ್ಲರೆ ಸಿಗುತ್ತಿತ್ತು, ಅಷ್ಟೇ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂ ಆಗಿದ್ದರೆ ಬೇಕಾದ ಹಾಗೆ ಐನೋಡ್ ಮಾಡಿಕೊಳ್ಳುತ್ತಿತ್ತು. ಆದರೆ ಅದನ್ನು ಕುಗ್ಗಿಸುವುದು ಕಷ್ಟ. ಹಂಚಿಕೆ ಆಗಾಗ ಬದಲಿಸುವ ನನ್ನಂಥವರಿಗೆ ಎಕ್ಸ್ಟ್4 ಅನುಕೂಲ.

ಹಾಗಾಗಿ ಎಲ್ಲ ಟೈಲ್‌ಗಳನ್ನು ಒಂದೇ ಟಾರ್ ಫೈಲ್ ಮಾಡಿ ಹೊರಗಿನ ಡಿಸ್ಕ್‌ಗೆ ಸಾಗಿಸಿದೆ. ಆ 200 ಜಿಬಿಯನ್ನು ಎಲ್‌ವಿಎಂಗೆ ಕೊಟ್ಟೆ. ಟೈಲ್‌ಗಳಿಗೆ ಸದ್ಯಕ್ಕೆ 120 ಜಿಬಿ, ಉಳಿದ 80 ಯಾರಿಗೂ ಇಲ್ಲ. ಫಾರ್ಮ್ಯಾಟ್ ಈ ಸಲ ಡಿಫಾಲ್ಟ್ ದರದಲ್ಲಿ, ಅಂದರೆ 16 ಕೆಬಿಗೆ ಒಂದು ಐನೋಡ್. ಒಟ್ಟು 78 ಲಕ್ಷ. ಜೂಮ್ 17ರವರೆಗೆ ಬೇಕಾಗುವುದು ಸುಮಾರು 29 ಲಕ್ಷ. ಧಾರಾಳವಾಗಿ ಸಾಕು.

ಈ ಗಲಾಟೆಯ ನಡುವೆ ಮುಂದಿನ ಪ್ರಾಜೆಕ್ಟೂ ಹೊಳೆಯಿತು. ಎಂಬಿಟೈಲ್ಸ್ ಎಂಬ ನಮೂನೆಯಲ್ಲಿ ಎಲ್ಲ ಟೈಲ್‌ಗಳೂ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನೊಳಗೆ ಇರುತ್ತವೆ, ಒಂದು ಐನೋಡ್ ಸಾಕು. ಕುದುರೆಮುಖ ಸುತ್ತಲಿನ ಭಾಗವನ್ನು ಹಾಗೆ ಕಟ್ಟಿ, ಬಾಹ್ಯಾಕಾಶದಿಂದ ನೆಲದ ಎತ್ತರ ಅಳೆದ ಎಸ್‌ಆರ್‌ಟಿಎಂ ಡೇಟಾದಿಂದ ಎತ್ತರದ ಗೆರೆಗಳನ್ನೂ ಸೇರಿಸಿ ಫೋನಿಗೆ ಹಾಕಬೇಕು. ಅಲ್ಲಿ ಕಾಡೊಳಗೆ ಸಿಗ್ನಲ್ ಸಿಗುವುದೇ ಅಪರೂಪ. ಆ 80 ಜಿಬಿ ಬಹುಶಃ ಅದಕ್ಕೇ ಹೋಗುತ್ತದೆ.

ಜೂಮ್ 16 ಈಗ ಓಡುತ್ತಿದೆ. ಪಕ್ಕದ ಕಿಟಕಿಯಲ್ಲಿ ‘ಡಿಎಫ್ -ಐ’ ನಿಮಿಷಕ್ಕೊಮ್ಮೆ ತಾನೇ ಬದಲಾಗುವ ಹಾಗೆ ಇಟ್ಟಿದ್ದೇನೆ. ಇದನ್ನು ಬರೆಯುವಾಗ ಶೇ. 6.